ಮಾರಾಟದ ಸರಕು ಲಗೇಜಿನಲ್ಲಿ: ವಿಮಾನ ಪ್ರಯಾಣಿಕರಿಗೆ ಕಸ್ಟಮ್ಸ್ ಲೆಕ್ಕ ಹೇಗೆ?

ಬೋರ್ಡಿಂಗ್ ಪಾಸ್:
ಸರಕಿನ ಪಟ್ಟಿ ಇದು. ಮಾರಲೆಂದು 40 ಹತ್ತಿ ಟೀ-ಶರ್ಟು, 25 ಚಾರ್ಜಿಂಗ್ ಕೇಬಲ್, 15 ಪವರ್ ಬ್ಯಾಂಕ್. ಜೊತೆಗೆ ಗಿರಾಕಿಗಳಿಗೆ ತೋರಿಸಿ ವಾಪಸು ಒಯ್ಯಬೇಕಾದ ಎರಡು ಅಳತೆ ಯಂತ್ರ. ಎಲ್ಲವೂ ಎರಡು ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ. ಒಟ್ಟು ಬೆಲೆ ಪ್ರಯಾಣಿಕರ ಸುಂಕ ವಿನಾಯಿತಿ ಮಿತಿಯೊಳಗೆ ಇದ್ದರೆ ಘೋಷಿಸಲು ಏನೂ ಇಲ್ಲದವರ ಗ್ರೀನ್ ಚಾನೆಲ್‌ನಲ್ಲಿ ನಡೆದುಬಿಡಬಹುದೇ? ಒಂದೇ ದೇಶದ ಉತ್ತರ ಬೇಡ, ನಿಯಮ ಹೇಗೆ ಯೋಚಿಸುತ್ತದೆ ಅನ್ನುವುದು ತಿಳಿಯಬೇಕು.

ಹಳೇ ಏಜೆಂಟ್:
ನಡೆಯಬಾರದು. ಮಿತಿಯೊಳಗೆ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಆ ವಿನಾಯಿತಿ ಇರುವುದು ಪ್ರಯಾಣಿಕರ ಸ್ವಂತ ಬಳಕೆಗೆ, ಮನೆಯವರಿಗೆ, ಉಡುಗೊರೆಗೆ. ಕಸ್ಟಮ್ಸ್ ಕ್ರಮಗಳ ಕುರಿತ ಪರಿಷ್ಕೃತ ಕ್ಯೋಟೋ ಒಪ್ಪಂದ 1999ರಲ್ಲಿ ಅಂಗೀಕಾರವಾಗಿ 2006ರಲ್ಲಿ ಜಾರಿಗೆ ಬಂತು. ಅದರ ಪ್ರಯಾಣಿಕರ ಅಧ್ಯಾಯ 'ಸ್ವಂತ ವಸ್ತು' ಎಂದರೇನೆಂದು ಹೇಳುವಾಗಲೇ ವಾಣಿಜ್ಯ ಉದ್ದೇಶಕ್ಕೆ ತಂದದ್ದನ್ನು ಹೊರಗಿಟ್ಟಿದೆ. ಹೆಚ್ಚಿನ ದೇಶಗಳ ಕಾನೂನು ಇದೇ ಎಳೆಯಲ್ಲಿದೆ.

ಐರೋಪ್ಯ ಒಕ್ಕೂಟದಲ್ಲಿ ವಿಮಾನ ಪ್ರಯಾಣಿಕರ ಮಿತಿ 430 ಯೂರೋ. ಅದನ್ನು ಪಡೆಯಲು ಮೂರು ಮಾತು ಒಟ್ಟಿಗೆ ನಿಲ್ಲಬೇಕು: ತರುವುದು ಆಗೊಮ್ಮೆ ಈಗೊಮ್ಮೆ ಆಗಿರಬೇಕು, ಸ್ವಂತಕ್ಕೆ ಅಥವಾ ಮನೆಗೆ ಅಥವಾ ಉಡುಗೊರೆಗೆ ಆಗಿರಬೇಕು, ವಸ್ತುವಿನ ಸ್ವರೂಪ ಮತ್ತು ಪ್ರಮಾಣ ನೋಡಿದರೆ ವ್ಯಾಪಾರದ ವಾಸನೆ ಬರಬಾರದು. ಒಂದು ತಪ್ಪಿದರೂ 430 ಯೂರೋ ಇಲ್ಲ. 50 ಯೂರೋ ಸರಕಾದರೂ ಮೊದಲ ಸೆಂಟಿನಿಂದಲೇ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಎಣಿಕೆಗಿಂತ ಉದ್ದೇಶ ಮುಖ್ಯ. ಮನೆಮಂದಿಗೆ ಹಂಚಲು ತಂದ ಹನ್ನೆರಡು ಜೊತೆ ಕಾಲುಚೀಲ ಲಗೇಜು. ಮಾರಲು ತಂದ ಒಂದೇ ಕ್ಯಾಮೆರಾ ಸರಕು. ಉದ್ದೇಶ ಮನಸ್ಸಿನೊಳಗಿನದು, ಅಧಿಕಾರಿ ಅದನ್ನು ಊಹಿಸುವುದು ಹೊರಗಿನ ಗುರುತುಗಳಿಂದ. ಒಂದೇ ವಿನ್ಯಾಸದ ಬಟ್ಟೆ ನಾಲ್ಕು ಸೈಜಿನಲ್ಲಿ ಹತ್ತತ್ತು, ಪ್ರತಿಯೊಂದೂ ಕಾರ್ಖಾನೆಯ ಪ್ಲಾಸ್ಟಿಕ್ ಕವರಿನಲ್ಲಿ, ಸಗಟು ಬಿಲ್ಲು, ಪಾಸ್‌ಪೋರ್ಟಿನಲ್ಲಿ ತಿಂಗಳಿಗೆರಡು ಬಾರಿ ಒಂದೇ ಊರಿನ ಮೊಹರು. ಟ್ಯಾಗು ಕಿತ್ತು ಹಾಕಿದರೆ ಆಯಿತು ಎಂದುಕೊಳ್ಳುವವರಿದ್ದಾರೆ. ಹೊಸ ಬಟ್ಟೆಯ ಕತ್ತಿನ ಬಳಿ ಟ್ಯಾಗು ಕಿತ್ತ ದಾರದ ತುಂಡು ನಲವತ್ತು ಕಡೆ ಕಂಡರೆ ಅದು ಟ್ಯಾಗಿಗಿಂತ ಜೋರಾಗಿ ಮಾತಾಡುತ್ತದೆ.

ಕೆಂಪು ದಾರಿ:
ಏಜೆಂಟರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಗ್ರೀನ್ ಚಾನೆಲ್‌ಗೆ ಕಾಲಿಡುವುದೇ ಒಂದು ಹೇಳಿಕೆ. 'ಘೋಷಿಸಬೇಕಾದದ್ದು ನನ್ನ ಹತ್ತಿರ ಏನೂ ಇಲ್ಲ' ಎಂದು ಬಾಯಿಬಿಡದೆಯೇ ಹೇಳಿದ ಹಾಗೆ. ಒಳಗೆ ಹೋದಮೇಲೆ ತಡೆದಾಗ ಬಿಲ್ಲು ತೆಗೆದು ತೋರಿಸಿದರೆ ಅದು ಘೋಷಣೆ ಆಗುವುದಿಲ್ಲ, ಸಿಕ್ಕಿಬಿದ್ದದ್ದು ಆಗುತ್ತದೆ. ಸುಂಕದ ಮೇಲೆ ದಂಡ, ಕೆಲವೊಮ್ಮೆ ಸರಕೇ ಮುಟ್ಟುಗೋಲು. ಆಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ.

ಅಮೆರಿಕದ ಘೋಷಣಾ ಫಾರ್ಮು 6059ಬಿ ಇದನ್ನು ನೇರವಾಗಿ ಕೇಳುತ್ತದೆ: ವಾಣಿಜ್ಯ ಸರಕು ಇದೆಯೇ? ಮಾರಾಟದ ವಸ್ತು ಮಾತ್ರವಲ್ಲ, ಆರ್ಡರು ಹಿಡಿಯಲು ತೋರಿಸುವ ಸ್ಯಾಂಪಲ್ಲೂ ಆ ಪ್ರಶ್ನೆಯೊಳಗೆ ಬರುತ್ತದೆ. 'ಮಾರುವುದಿಲ್ಲ, ತೋರಿಸುವುದಷ್ಟೇ' ಎಂದು ಇಲ್ಲ ಅಂತ ಗುರುತು ಹಾಕಿದರೆ ಸುಳ್ಳು ಘೋಷಣೆಯೇ.

ತೂಕದ ತಕ್ಕಡಿ:
ಸುಂಕದ ಮಾತಿಗೆ ಮುಂಚೆ ಆ 15 ಪವರ್ ಬ್ಯಾಂಕನ್ನು ಪಟ್ಟಿಯಿಂದ ತೆಗೆಯಿರಿ. ಅವು ಕಸ್ಟಮ್ಸ್ ತನಕ ಬರುವುದೇ ಇಲ್ಲ, ವಿಮಾನ ಹತ್ತುವಲ್ಲೇ ನಿಲ್ಲುತ್ತವೆ.

ಪವರ್ ಬ್ಯಾಂಕ್ ಅಂದರೆ ಬಿಡಿ ಲಿಥಿಯಂ ಬ್ಯಾಟರಿ. ಚೆಕ್-ಇನ್ ಬ್ಯಾಗಿನಲ್ಲಿ ನಿಷಿದ್ಧ, ಕೈಚೀಲದಲ್ಲಿ ಮಾತ್ರ. ಸಾಮರ್ಥ್ಯದ ಲೆಕ್ಕ ವ್ಯಾಟ್-ಅವರ್‌ನಲ್ಲಿ: ಆಂಪಿಯರ್-ಅವರ್ ಅನ್ನು ವೋಲ್ಟ್‌ನಿಂದ ಗುಣಿಸಿ. 10,000 ಮಿಲಿಆಂಪಿಯರ್-ಅವರ್, 3.7 ವೋಲ್ಟ್ ಅಂದರೆ 37. 20,000ದ್ದು 74. 100ರವರೆಗೆ ಸಾಮಾನ್ಯ ಮಿತಿ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ. 160 ದಾಟಿದ ಬಿಡಿ ಬ್ಯಾಟರಿ ಪ್ರಯಾಣಿಕರ ಬಳಿ ಇರುವಂತಿಲ್ಲ. ಇದಕ್ಕಿಂತ ಬಿಗಿಯಾದ ನಿಯಮ ಇಟ್ಟಿರುವ ಕಂಪನಿಗಳೂ ಇವೆ.

ಜನ ಎಡವುವುದು ಮುಂದಿನ ಮಾತಿನಲ್ಲಿ. 37 ವ್ಯಾಟ್-ಅವರ್ ಇದೆಯಲ್ಲ, ಹದಿನೈದು ಇದ್ದರೇನು ಅನ್ನುತ್ತಾರೆ. ಈ ಸಡಿಲಿಕೆ ಇರುವುದು ಪ್ರಯಾಣಿಕರ ಸ್ವಂತ ಬಳಕೆಗೆ ಮಾತ್ರ. ಮಾರಾಟದ್ದಾದರೆ ಅದು ಯುಎನ್ 3480 ಸಂಖ್ಯೆಯ ಅಪಾಯಕಾರಿ ಸರಕು. 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಕಾರ್ಗೋ ಆಗಿಯೂ ಒಯ್ಯುವಂತಿಲ್ಲ. ಸರಕು ವಿಮಾನದಲ್ಲೇ ಹೋಗಬೇಕು, ಚಾರ್ಜು 30%ಗಿಂತ ಹೆಚ್ಚಿರಬಾರದು. ಸೆಂಟು, ಸ್ಪ್ರೇಗೂ ಹೀಗೆಯೇ: ಒಂದೊಂದು ಡಬ್ಬಿ ಅರ್ಧ ಲೀಟರ್, ಒಟ್ಟು 2 ಲೀಟರ್ ಅನ್ನುವ ಸಡಿಲಿಕೆ ಸ್ವಂತ ಶೃಂಗಾರಕ್ಕೆ, ಅಂಗಡಿಗಲ್ಲ.

ಬೋರ್ಡಿಂಗ್ ಪಾಸ್:
ಪವರ್ ಬ್ಯಾಂಕ್ ಬಿಟ್ಟೆ. ಅಳತೆ ಯಂತ್ರಗಳು ವಾಪಸು ಬರುತ್ತವೆ. ಅವಕ್ಕೂ ಸುಂಕ ಕಟ್ಟಬೇಕೇ?

ಕಾರ್ನೆಟ್ ಪುಟ:
ಕಟ್ಟದೆ ದಾಟಲೆಂದೇ ಎಟಿಎ ಕಾರ್ನೆಟ್ ಎಂಬ ತಾತ್ಕಾಲಿಕ ಆಮದಿನ ಕಸ್ಟಮ್ಸ್ ಪುಸ್ತಕ ಇದೆ. 1961ರ ಒಪ್ಪಂದದಿಂದ ಬಂದದ್ದು, ಆಮೇಲೆ 1990ರ ಇಸ್ತಾಂಬುಲ್ ಒಪ್ಪಂದವೂ ಸೇರಿತು. ವ್ಯಾಪಾರದ ಸ್ಯಾಂಪಲ್, ವೃತ್ತಿ ಉಪಕರಣ, ಪ್ರದರ್ಶನದ ವಸ್ತು ಈ ಮೂರಕ್ಕೆ ಮುಖ್ಯವಾಗಿ. ಮಾರುವ ಸರಕಿಗೆ, ಹಂಚಿ ಖರ್ಚಾಗುವ ವಸ್ತುವಿಗೆ ಇಲ್ಲ. ಹೊರಡುವ ದೇಶದ ವಾಣಿಜ್ಯ ಮಂಡಳಿ ಕೊಡುತ್ತದೆ. ಶುಲ್ಕವಲ್ಲದೆ ಭದ್ರತೆ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಗರಿಷ್ಠ ಒಂದು ವರ್ಷ ಊರ್ಜಿತ. ಹೋಗುವ ದೇಶವೂ ಒಪ್ಪಂದದಲ್ಲಿದೆಯೇ, ನಿಮ್ಮ ಉದ್ದೇಶಕ್ಕೆ ಕಾರ್ನೆಟ್ ಒಪ್ಪುತ್ತದೆಯೇ ಅಂತ ಮಂಡಳಿಯಲ್ಲೇ ಕೇಳಿಕೊಳ್ಳಿ.

ಬಳಸುವ ಕ್ರಮ ಸುಲಭ, ಮರೆಯುವುದು ಇನ್ನೂ ಸುಲಭ. ಸ್ವಂತ ದೇಶದಿಂದ ಹೊರಡುವಾಗ ಹಳದಿ ಹಾಳೆಗೆ ಮೊಹರು. ತಲುಪಿದ ದೇಶದಲ್ಲಿ ಆಮದಿಗೆ ಬಿಳಿ ಹಾಳೆ, ಅಲ್ಲಿಂದ ಹೊರಡುವಾಗ ಮರುರಫ್ತಿಗೆ ಇನ್ನೊಂದು ಬಿಳಿ ಹಾಳೆ. ಮನೆಗೆ ಮರಳಿದಾಗ ಮತ್ತೆ ಹಳದಿ. ಬೇರೆ ದೇಶದ ಮೂಲಕ ಸಾಗುವಾಗ ನೀಲಿ. ಅಧಿಕಾರಿ ಹಾಳೆಯ ಕೆಳಭಾಗ ಹರಿದಿಟ್ಟುಕೊಂಡು ಪುಸ್ತಕದಲ್ಲಿ ಉಳಿಯುವ ಮೇಲಿನ ಪಟ್ಟಿಗೆ ಮೊಹರು ಹಾಕುತ್ತಾರೆ. ಆ ಪಟ್ಟಿಯೇ ನಿಮ್ಮ ಸಾಕ್ಷಿ.

ತಪ್ಪುವುದು ಹೆಚ್ಚಾಗಿ ಮರಳುವ ದಿನ. ಬ್ಯಾಗನ್ನು ಕೌಂಟರಿನಲ್ಲಿ ಕೊಟ್ಟು, ಭದ್ರತೆ ದಾಟಿ, ಆಮೇಲೆ ಕಸ್ಟಮ್ಸ್ ಹುಡುಕುತ್ತಾರೆ. ಅಧಿಕಾರಿ ಯಂತ್ರ ಎಲ್ಲಿ, ಸೀರಿಯಲ್ ನಂಬರ್ ತೋರಿಸಿ ಎನ್ನುತ್ತಾರೆ. ಯಂತ್ರ ಬೆಲ್ಟಿನ ಮೇಲೆ ಹೋಗಿಯಾಗಿದೆ. ಹಾಗಾಗಿ ಬ್ಯಾಗು ಕೊಡುವ ಮುನ್ನವೇ ಕಸ್ಟಮ್ಸ್ ಕಚೇರಿಗೆ ಹೋಗಿ. ಮಾಮೂಲಿಗಿಂತ ಒಂದೂವರೆ ಗಂಟೆ ಮುಂಚೆ ತಲುಪಿದರೆ ಒಳ್ಳೆಯದು. ಮರುರಫ್ತಿಯ ಮೊಹರು ಇಲ್ಲದಿದ್ದರೆ ಆ ದೇಶದ ಲೆಕ್ಕದಲ್ಲಿ ಯಂತ್ರ ಅಲ್ಲೇ ಉಳಿದಿದೆ. ಅವಧಿ ಮುಗಿದ ಒಂದು ವರ್ಷದೊಳಗೆ ಅವರು ಸುಂಕ ಕೇಳಬಹುದು, ವಾಪಸು ಹೋಗಿದೆ ಎಂದು ತೋರಿಸಲು ಆರು ತಿಂಗಳು ಕೊಡುತ್ತಾರೆ.

ಇನ್ನೆರಡು ಮಾತು. ಪಟ್ಟಿ ಒಮ್ಮೆ ಮುದ್ರೆಯಾದಮೇಲೆ ವಸ್ತು ಸೇರಿಸುವಂತಿಲ್ಲ. ತಲುಪಿದ ದೇಶದ ಅಧಿಕಾರಿ ಬಿಳಿ ಹಾಳೆಯಲ್ಲಿ ಕಾರ್ನೆಟ್ ಅವಧಿಗಿಂತ ಮುಂಚಿನ ದಿನಾಂಕ ಬರೆದಿರಬಹುದು. ಮರಳಿ ಒಯ್ಯಲು ಅದೇ ಕೊನೆಯ ದಿನ. ಕೌಂಟರಿನಲ್ಲಿ ನಿಂತೇ ಓದಿಕೊಳ್ಳಿ.

ಕೆಂಪು ದಾರಿ:
ಕಾರ್ನೆಟ್ ನಡೆಯದ ಕಡೆ ಠೇವಣಿ ಇಟ್ಟು ತಾತ್ಕಾಲಿಕ ಆಮದು ಮಾಡಬಹುದು. ಇಲ್ಲವೇ, ಸರಕು ಒಳಗೆ ಬೇಡವೆಂದಾದರೆ, ವಿಮಾನ ನಿಲ್ದಾಣದಲ್ಲೇ ಬಿಟ್ಟು ಮರಳುವಾಗ ಒಯ್ಯುವ ಏರ್ಪಾಡು ಹಲವು ಕಾನೂನುಗಳಲ್ಲಿದೆ. ಭಾರತದ 1962ರ ಕಸ್ಟಮ್ಸ್ ಕಾಯ್ದೆಯ 80ನೇ ಕಲಂ ಇಂಥದ್ದು. ಆದರೆ 77ನೇ ಕಲಂ ಪ್ರಕಾರ ಮೊದಲು ನಿಜವಾದ ಘೋಷಣೆ ಕೊಟ್ಟಿರಬೇಕು. ಬಚ್ಚಿಟ್ಟು ಸಿಕ್ಕಿಬಿದ್ದವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಅಗ್ಗದ ಸ್ಯಾಂಪಲ್ ಆದರೆ ಇನ್ನೂ ಹಳೆಯ ದಾರಿಯಿದೆ: ಮಾರಲಾಗದಂತೆ ಕೆಡಿಸುವುದು. ಬಟ್ಟೆಗೆ ಕಾಣುವ ಕಡೆ ಕತ್ತರಿ, ಚಪ್ಪಲಿಯ ಅಟ್ಟೆಗೆ ತೂತು, ಅಳಿಸಲಾಗದ ಶಾಯಿಯಲ್ಲಿ 'ಸ್ಯಾಂಪಲ್' ಎಂಬ ಬರಹ. 1952ರ ಜಿನೀವಾ ಸ್ಯಾಂಪಲ್ ಒಪ್ಪಂದದ ಕಾಲದಿಂದ ನಡೆದುಬಂದದ್ದು. ಅಂಟಿಸಿದ ಚೀಟಿ ಲೆಕ್ಕಕ್ಕಿಲ್ಲ, ಕಿತ್ತರೆ ಬರುತ್ತದೆ. ಪ್ರತಿ ಬಣ್ಣಕ್ಕೆ ಒಂದು, ಪ್ರತಿ ವಿನ್ಯಾಸಕ್ಕೆ ಒಂದು ಇದ್ದರೆ ಸ್ಯಾಂಪಲ್ ಅನಿಸುತ್ತದೆ. ಒಂದೇ ವಿನ್ಯಾಸದ್ದು ಇಪ್ಪತ್ತಿದ್ದರೆ ಯಾರೂ ನಂಬುವುದಿಲ್ಲ.

ಹೊಸ ಸೂಟ್‌ಕೇಸ್:
ಟೀ-ಶರ್ಟಿನ ಲೆಕ್ಕ ಯಾರೂ ಹೇಳಲಿಲ್ಲ. ಘೋಷಿಸುವವರ ರೆಡ್ ಚಾನೆಲ್‌ನಲ್ಲಿ ಹೋದರೆ ಏನು ಕೇಳುತ್ತಾರೆ, ಎಷ್ಟು ಬೀಳುತ್ತದೆ?

ಹಳೇ ಏಜೆಂಟ್:
ಐರೋಪ್ಯ ಒಕ್ಕೂಟದ ಉದಾಹರಣೆ ತಗೊಳ್ಳೋಣ, ಅಲ್ಲಿ ಅಂಕಿ ಸ್ಪಷ್ಟ. ಪ್ರಯಾಣಿಕರ ಲಗೇಜಿನ ವಾಣಿಜ್ಯ ಸರಕು 1000 ಯೂರೋ ಬೆಲೆ, 1000 ಕೆ.ಜಿ. ತೂಕ ಎರಡನ್ನೂ ಮೀರದಿದ್ದರೆ ಬಾಯಿಮಾತಿನ ಘೋಷಣೆ ಸಾಕು. ಮೀರಿದರೆ ಪೂರ್ತಿ ವಿದ್ಯುನ್ಮಾನ ಘೋಷಣೆ. ವ್ಯಾಪಾರಿಗೆ ಇಒಆರ್‌ಐ ನಂಬರ್ (ಅಲ್ಲಿನ ಕಸ್ಟಮ್ಸ್ ನೋಂದಣಿ ಸಂಖ್ಯೆ) ಬೇಕು, ಸಾಮಾನ್ಯವಾಗಿ ಏಜೆಂಟೂ ಬೇಕು. ಅಮೆರಿಕದಲ್ಲಿ ಈ ಗೆರೆ 2500 ಡಾಲರಿಗೆ ಇದೆ: ಅದರವರೆಗೆ ಸರಳ ಎಂಟ್ರಿ (ಆಮದು ಘೋಷಣೆ), ಅದಕ್ಕೆ ಮೇಲೆ ಬಾಂಡ್ (ಸುಂಕಕ್ಕೆ ಭದ್ರತಾ ಪತ್ರ) ಸಮೇತ ಪೂರ್ತಿ ಎಂಟ್ರಿ. ಕೆಲವು ಬಗೆಯ ಸರಕಿಗೆ ಬೆಲೆ ಕಡಿಮೆಯಿದ್ದರೂ ಪೂರ್ತಿ ಎಂಟ್ರಿಯೇ.

40 ಟೀ-ಶರ್ಟಿಗೆ 400 ಯೂರೋ ಅಂದುಕೊಳ್ಳಿ. ಹೆಣೆದ ಹತ್ತಿ ಟೀ-ಶರ್ಟು, ಎಚ್‌ಎಸ್ ಕೋಡ್ (ಸರಕನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) 6109.10, ಸುಂಕ 12%, ಅಂದರೆ 48 ಯೂರೋ. ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಹಾಕುವುದು 448ರ ಮೇಲೆ, 400ರ ಮೇಲಲ್ಲ. ವ್ಯಾಟ್ 20% ಇರುವ ದೇಶದಲ್ಲಿ 89.60. ಒಟ್ಟು 137.60. ಸುಂಕದ ಮೇಲೂ ತೆರಿಗೆ ಬೀಳುವುದನ್ನು ಮರೆತು 32% ಅಂತ ಲೆಕ್ಕ ಹಾಕಿದವರಿಗೆ ಕೌಂಟರಿನಲ್ಲಿ 34.4% ಕಾಣುತ್ತದೆ.

ಕೋಡಿನ ಮೊದಲ ಆರು ಅಂಕೆ ಜಗತ್ತಿಗೆಲ್ಲ ಒಂದೇ, ಮುಂದಿನವು ದೇಶಕ್ಕೊಂದು. ಮನೆಯಲ್ಲೇ ಹುಡುಕಿ ಬಿಲ್ಲಿನ ಮೇಲೆ ಬರೆದುಕೊಂಡು ಹೋಗಿ. 'ಬಟ್ಟೆ' ಎಂದಷ್ಟೇ ಬರೆದರೆ ಅಧಿಕಾರಿಯೇ ಆರಿಸಬೇಕು. ನೇಯ್ದ ಗಂಡಸರ ಹತ್ತಿ ಅಂಗಿ 6205.20, ಹೆಣೆದ ಟೀ-ಶರ್ಟು 6109.10. ನೂಲಿನ ಅಂಶ, ಹೆಣೆದದ್ದೋ ನೇಯ್ದದ್ದೋ, ಗಂಡಸರದೋ ಹೆಂಗಸರದೋ ಬರೆದರೆ ಅರ್ಧ ಕೆಲಸ ಮುಗಿಯಿತು. ನಿಮ್ಮ ಕೇಬಲ್ಲು ತುದಿಗೆ ಕನೆಕ್ಟರ್ ಇರುವುದರಿಂದ 8544.42.

ಕಾರ್ನೆಟ್ ಪುಟ:
ಬಿಲ್ಲಿನ ಬಗ್ಗೆ ನಾನೂ ಒಂದಿಷ್ಟು ಸೇರಿಸುತ್ತೇನೆ. ಕಸ್ಟಮ್ಸ್ ಬೆಲೆಯ ಮೊದಲ ಆಧಾರ ನಿಜವಾಗಿ ಕೊಟ್ಟ ದುಡ್ಡು, ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಮೌಲ್ಯಮಾಪನ ಒಪ್ಪಂದ ಹೇಳುವುದು ಅದನ್ನೇ. ಬಿಲ್ಲು ನಂಬಿಕೆಗೆ ಬಾರದಿದ್ದರೆ ಇನ್ನೂ ಐದು ವಿಧಾನಗಳು ಕ್ರಮವಾಗಿ ಕಾದಿವೆ: ಅದೇ ಸರಕಿನ ಬೆಲೆ, ಅಂಥದ್ದೇ ಸರಕಿನ ಬೆಲೆ, ಹೀಗೆ. ಹಣ ಕೊಟ್ಟ ಬ್ಯಾಂಕ್ ಚೀಟಿಯೋ ಕಾರ್ಡಿನ ರಸೀದಿಯೋ ಬಿಲ್ಲಿನ ಜೊತೆಗಿದ್ದರೆ ಅಷ್ಟು ದೂರ ಹೋಗುವುದಿಲ್ಲ. ಪ್ರೊಫಾರ್ಮಾ ಬಿಲ್ಲು ತಂದು ಸಿಕ್ಕಿಕೊಳ್ಳುವವರು ಬಹಳ. ಅದು ಕೊಟ್ಟ ಬೆಲೆಯಲ್ಲ, ಕೇಳಿದ ಬೆಲೆ.

ಪುಕ್ಕಟೆ ಬಂದದ್ದಕ್ಕೆ ಸೊನ್ನೆ ಬರೆಯಬೇಡಿ. ಪುಕ್ಕಟೆಯಾದರೂ ವಸ್ತುವಿಗೆ ಬೆಲೆಯಿದೆ. ನ್ಯಾಯವಾದ ಅಂಕಿ ಬರೆದು 'ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ' ಎಂದು ಸೇರಿಸಿ.

ಮೂಲ ದೇಶವೂ ಬೇಕು. ಕೊಂಡ ಊರಲ್ಲ, ತಯಾರಾದ ದೇಶ. ಚೀನಾದಲ್ಲಿ ತಯಾರಾಗಿ ದುಬೈನಲ್ಲಿ ಕೊಂಡದ್ದು ಕಸ್ಟಮ್ಸ್ ಪಾಲಿಗೆ ಚೀನಾದ್ದೇ. ದುಬೈನ ಬಿಲ್ಲು ತೋರಿಸಿ ಬೇರೆ ದರ ಕೇಳುವಂತಿಲ್ಲ.

ಹೊಸ ಸೂಟ್‌ಕೇಸ್:
ನಾಲ್ಕು ಜನ ಒಟ್ಟಿಗೆ ಹೋದರೆ ಹತ್ತತ್ತು ಅಂಗಿ ಹಂಚಿಕೊಂಡರೆ?

ಕೆಂಪು ದಾರಿ:
ಸರಕು ಯಾರದು ಅನ್ನುವುದು ಮುಖ್ಯ, ಯಾರ ಕೈಯಲ್ಲಿದೆ ಅನ್ನುವುದಲ್ಲ. ಬಿಲ್ಲು ಒಂದೇ, ಟಿಕೆಟ್ ಬುಕಿಂಗ್ ಒಂದೇ, ನಾಲ್ಕು ಬ್ಯಾಗಿನಲ್ಲಿ ಒಂದೇ ಸರಕು. ವಿನಾಯಿತಿ ಮೊದಲೇ ಇರಲಿಲ್ಲ, ಹಂಚಿದರೆ ಹುಟ್ಟುವುದೂ ಇಲ್ಲ. ಹೆಚ್ಚಾಗಿ ಸಂಚು ಎನ್ನುವ ಮಾತು ಸೇರಿಕೊಳ್ಳುತ್ತದೆ. 'ಸಂಬಂಧಿಕರಿಗೆ ತಲುಪಿಸಿ' ಎಂದು ಬೇರೆಯವರು ಕೊಟ್ಟ ಪೊಟ್ಟಣಕ್ಕೂ ಹೊತ್ತವರೇ ಹೊಣೆ.

ತೂಕದ ತಕ್ಕಡಿ:
ಕೇಬಲ್ ಬಗ್ಗೆ ಎಚ್ಚರ. ಅವುಗಳ ಮೇಲೆ ಹೆಸರಾಂತ ಕಂಪನಿಯ ಗುರುತಿದ್ದು ಬೆಲೆ ಹತ್ತನೇ ಒಂದು ಪಾಲಿದ್ದರೆ ನಕಲಿ ಎಂದೇ ತಿಳಿಯಿರಿ. ಬೌದ್ಧಿಕ ಆಸ್ತಿಯ ಟ್ರಿಪ್ಸ್ ಒಪ್ಪಂದದ 60ನೇ ವಿಧಿ ಪ್ರಯಾಣಿಕರ ಲಗೇಜಿನಲ್ಲಿ ಅಲ್ಪ ಪ್ರಮಾಣದ, ವಾಣಿಜ್ಯವಲ್ಲದ ವಸ್ತುಗಳನ್ನು ಬಿಡಲು ದೇಶಗಳಿಗೆ ಅವಕಾಶ ಕೊಡುತ್ತದೆ. ಸರಕು ವಾಣಿಜ್ಯವಾದ ಕೂಡಲೇ ಆ ನೆರಳು ಇಲ್ಲ. ಸುಂಕ ಕಟ್ಟುತ್ತೇನೆ ಅಂದರೂ ನಕಲಿ ಮಾಲು ಬಿಡುಗಡೆಯಾಗುವುದಿಲ್ಲ.

ಹೆಬ್ಬಾವಿನ ಚರ್ಮದ ಪರ್ಸು, ಮೊಸಳೆ ಚರ್ಮದ ಬೆಲ್ಟಿಗೂ ಹೀಗೆಯೇ. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ಸ್ವಂತ ವಸ್ತುವಿನ ಸಡಿಲಿಕೆ ಮಾರಾಟದ್ದಕ್ಕೆ ಅನ್ವಯಿಸುವುದಿಲ್ಲ, ಪರವಾನಗಿ ಇಲ್ಲದೆ ಒಂದೂ ಹೋಗದು. ಯಂತ್ರಕ್ಕೆ ಮರದ ಪೆಟ್ಟಿಗೆ ಮಾಡಿಸುವುದಾದರೆ, 6 ಮಿ.ಮೀ.ಗಿಂತ ದಪ್ಪದ ಸಂಸ್ಕರಿಸದ ಮರಕ್ಕೆ ಐಎಸ್‌ಪಿಎಂ 15 ಮುದ್ರೆ (ಕೀಟ ಹರಡದಂತೆ ಉಪಚರಿಸಿದ ಗುರುತು) ಬೇಕು. ಪ್ಲೈವುಡ್ಡಿಗೆ ಈ ತಲೆನೋವಿಲ್ಲ.

ಬೋರ್ಡಿಂಗ್ ಪಾಸ್:
ನಡುವೆ ವಿಮಾನ ಬದಲಿಸಬೇಕಾದರೆ ಎಲ್ಲಿ ಘೋಷಿಸಬೇಕು?

ಹಳೇ ಏಜೆಂಟ್:
ಒಳ್ಳೆಯ ಪ್ರಶ್ನೆ, ಅನುಭವಸ್ಥರೂ ಇಲ್ಲಿ ತಪ್ಪುತ್ತಾರೆ. ಅಮೆರಿಕಕ್ಕೆ ಹೋಗುವಾಗ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಬ್ಯಾಗು ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಐರೋಪ್ಯ ಒಕ್ಕೂಟದಲ್ಲಿ ಹೊರಗಿನಿಂದ ಬಂದು ಒಳಗಿನ ವಿಮಾನ ಹಿಡಿದರೆ ಕೈಚೀಲದ ತಪಾಸಣೆ ಮೊದಲ ನಿಲ್ದಾಣದಲ್ಲಿ, ಚೆಕ್-ಇನ್ ಬ್ಯಾಗಿನದು ಕೊನೆಯ ನಿಲ್ದಾಣದಲ್ಲಿ. ಅಂಗಿ ಅರ್ಧ ಕೈಚೀಲದಲ್ಲಿ, ಅರ್ಧ ಚೆಕ್-ಇನ್‌ನಲ್ಲಿ ಇದ್ದರೆ ಎರಡು ದೇಶದಲ್ಲಿ ಎರಡು ಘೋಷಣೆ! ಮಾರಾಟದ್ದೆಲ್ಲ ಒಂದೇ ಚೆಕ್-ಇನ್ ಬ್ಯಾಗಿಗೆ ಹಾಕಿ, ಸ್ವಂತ ಬಟ್ಟೆ ಬೇರೆ ಬ್ಯಾಗಿಗೆ.

ಹೊರಡುವ ದೇಶದ ರಫ್ತು ಕಾಗದವನ್ನೂ ನೋಡಿಕೊಳ್ಳಿ. ಅಮೆರಿಕದಿಂದ ಹೊರಡುವಾಗ ಒಂದೇ ಕೋಡಿನ ಸರಕು 2500 ಡಾಲರ್ ದಾಟಿದರೆ, ಲಗೇಜಿನಲ್ಲಿದ್ದರೂ, ವಿದ್ಯುನ್ಮಾನ ರಫ್ತು ಮಾಹಿತಿ ಸಲ್ಲಿಸಬೇಕು.

ಹೊಸ ಸೂಟ್‌ಕೇಸ್:
ಅಮೆರಿಕದ 800 ಡಾಲರ್ ವಿನಾಯಿತಿ ರದ್ದಾಯಿತಲ್ಲ?

ಹಳೇ ಏಜೆಂಟ್:
ಎರಡನ್ನು ಕಲೆಸುತ್ತಿದ್ದೀರಿ. 2025ರ ಆಗಸ್ಟ್ 29ರಿಂದ ನಿಂತದ್ದು ಕೊರಿಯರ್, ಅಂಚೆಯಲ್ಲಿ ಬರುವ ಕಡಿಮೆ ಬೆಲೆಯ ಪಾರ್ಸೆಲ್ಲಿನದು. ಪ್ರಯಾಣಿಕರ 800 ಡಾಲರ್ ಬೇರೆ ನಿಯಮ. ಇಲ್ಲಿನ ಚರ್ಚೆಗೆ ಎರಡೂ ಉಪಯೋಗವಿಲ್ಲ, ಮಾರಾಟದ ಸರಕಲ್ಲವೇ.

ಕೆಂಪು ದಾರಿ:
ಸರಕು ತಡೆದಿಟ್ಟರೆ ಏನು ಮಾಡಬೇಕು ಅನ್ನುವುದೂ ಇರಲಿ. ತಡೆಹಿಡಿಯುವುದು ಬೇರೆ, ಜಪ್ತಿ ಬೇರೆ. ತಡೆಹಿಡಿದರೆ ಕಾಗದ ತಂದು ಬಿಡಿಸಿಕೊಳ್ಳಬಹುದು. ಕೊಟ್ಟ ರಸೀದಿಯಲ್ಲಿ ವಸ್ತುವಿನ ಹೆಸರು, ಎಣಿಕೆ, ತೂಕ ಇವೆಯೇ ನೋಡಿ. 'ಬಟ್ಟೆ, ಒಂದು ಬ್ಯಾಗು' ಎಂದಿದ್ದರೆ ಎಣಿಸಿ ಬರೆಸಿ. ಬ್ಯಾಗಿನ ಟ್ಯಾಗು ಚೂರನ್ನೂ ಬೋರ್ಡಿಂಗ್ ಪಾಸನ್ನೂ ಎಸೆಯಬೇಡಿ, ಆ ಬ್ಯಾಗು ನಿಮ್ಮ ಜೊತೆಗೇ ಬಂತೆನ್ನಲು ಅವೇ ಆಧಾರ. ಸರಳ ಘೋಷಣೆಯ ಮಿತಿ ದಾಟಿದ ಸರಕನ್ನು ಕಾರ್ಗೋ ಗೋದಾಮಿಗೆ ಕಳಿಸಬಹುದು, ಅಲ್ಲಿ ದಿನದ ಬಾಡಿಗೆ ಓಡುತ್ತಿರುತ್ತದೆ. ಶುಕ್ರವಾರ ರಾತ್ರಿ ಬಂದಿಳಿದು ಸೋಮವಾರದವರೆಗೆ ಕಾಯುವ ಹಾಗೆ ಟಿಕೆಟ್ ಮಾಡಬೇಡಿ.

ತೂಕದ ತಕ್ಕಡಿ:
ಕೊನೆಗೊಂದು ಲೆಕ್ಕ, ಲಗೇಜೋ ಕಾರ್ಗೋವೋ ಎಂದು ತೀರ್ಮಾನಿಸಲು. ಏರ್ ಕಾರ್ಗೋದಲ್ಲಿ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 6000ದಿಂದ ಭಾಗಿಸಿ, ಬಂದದ್ದು ಬಾಡಿಗೆ ಹಾಕಲು ಹಿಡಿಯುವ ಗಾತ್ರದ ತೂಕ. ಕೊರಿಯರ್‌ನಲ್ಲಿ ಸಾಮಾನ್ಯವಾಗಿ 5000. 60×50×40 ಪೆಟ್ಟಿಗೆ ಕಾರ್ಗೋಗೆ 20 ಕೆ.ಜಿ., ಕೊರಿಯರ್‌ಗೆ 24. ನಿಜವಾದ ತೂಕ ಇದಕ್ಕಿಂತ ಹೆಚ್ಚಿದ್ದರೆ ಆ ತೂಕ. ಟೀ-ಶರ್ಟಿನಂಥ ಒತ್ತಿ ತುಂಬುವ ಮಾಲಿಗೆ ನಿಜ ತೂಕವೇ ಗೆಲ್ಲುತ್ತದೆ. ಲಗೇಜಿನಲ್ಲಿ ಒಂದು ಬ್ಯಾಗು 32 ಕೆ.ಜಿ. ದಾಟಿದರೆ ಹೆಚ್ಚಿನ ಕಂಪನಿಗಳು ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಕಳೆದುಹೋದರೆ ಪರಿಹಾರವೂ ಬೇರೆ. ವಿಮಾನ ಕಂಪನಿಗಳ ಹೊಣೆ ಕುರಿತ ಮಾಂಟ್ರಿಯಲ್ ಒಪ್ಪಂದದಲ್ಲಿ ಲಗೇಜಿಗೆ ಪ್ರಯಾಣಿಕರೊಬ್ಬರಿಗೆ ಗರಿಷ್ಠ 1519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣದ ಘಟಕ), ಕಾರ್ಗೋಗೆ ಕೆ.ಜಿ.ಗೆ 26 ಎಸ್‌ಡಿಆರ್, 2024ರ ಡಿಸೆಂಬರ್ 28ರಿಂದ. ಆದರೆ ವಾಣಿಜ್ಯ ಸರಕನ್ನು, ಸ್ಯಾಂಪಲ್ಲನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಬೇಡಿ, ಇಟ್ಟರೆ ನಮ್ಮ ಹೊಣೆಯಲ್ಲ ಎಂದು ಹಲವು ಕಂಪನಿಗಳು ಟಿಕೆಟ್ ಷರತ್ತಿನಲ್ಲೇ ಬರೆದಿರುತ್ತವೆ. ಬೆಲೆಬಾಳುವ ಆ ಎರಡು ಯಂತ್ರಕ್ಕೆ ಬೇರೆ ವಿಮೆ ಮಾಡಿಸಿ. ಬ್ಯಾಗು ಜಖಂ ಆಗಿ ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ಬೋರ್ಡಿಂಗ್ ಪಾಸ್:
ಹಾಗಾದರೆ ಯಂತ್ರಕ್ಕೆ ಕಾರ್ನೆಟ್, ಅಂಗಿಗೂ ಕೇಬಲ್ಲಿಗೂ ಬಿಲ್ಲು ಹಿಡಿದು ರೆಡ್ ಚಾನೆಲ್, ಪವರ್ ಬ್ಯಾಂಕ್ ಸರಕು ವಿಮಾನಕ್ಕೆ. ಕಾರ್ನೆಟ್ ಪಟ್ಟಿಯಲ್ಲಿ ಯಂತ್ರದ ಜೊತೆ ಬರುವ ಅಡಾಪ್ಟರ್, ಚರ್ಮದ ಚೀಲವನ್ನೂ ಬರೆಯಬೇಕೇ?

ಕಾರ್ನೆಟ್ ಪುಟ:
ಬರೆಯಿರಿ, ಪ್ರತಿಯೊಂದನ್ನೂ ಬೇರೆ ಸಾಲಿನಲ್ಲಿ, ಎಣಿಕೆ, ತೂಕ, ಬೆಲೆ ಸಮೇತ. ಒಂದು ಅಡಾಪ್ಟರ್ ಅಲ್ಲೇ ಮರೆತು ಬಂದರೆ ಮರುರಫ್ತಿಯ ಹಾಳೆಯಲ್ಲಿ ಆ ಸಾಲಿನ ನಂಬರ್ ಬಿಟ್ಟುಹೋಗುತ್ತದೆ, ಸುಂಕ ಆ ಸಾಲಿನ ಬೆಲೆಗೆ ಮಾತ್ರ ಬೀಳುತ್ತದೆ. ಯಂತ್ರದ ಸಾಲಿಗೇ ಸೇರಿಸಿ ಬರೆದಿದ್ದರೆ ಇಡೀ ಯಂತ್ರದ ಮೇಲೆ ತಕರಾರು.